ಸಮನಾಮ ಮೀಮಾಂಸೆ

ಲಕ್ಷಣ: ಬಸ್‌ಸ್ಟ್ಯಾಂಡಿನಲ್ಲಿ ‘ಮಂಜಾ’ ಎಂದು ಕೂಗಿದಾಗ ಯಾರ‍್ಯಾರ ತಲೆ ತಿರುಗುತ್ತದೋ ಅವರೆಲ್ಲ ಸಮನಾಮರು. ಕೂಗಿದವರಿಗೆ ಸಾಲ ಕೊಡಬೇಕಾದ ಮಂಜ ಮಾತ್ರ ತಿರುಗುವುದಿಲ್ಲವಾದ್ದರಿಂದ ಈ ಲಕ್ಷಣಕ್ಕೆ ಅವ್ಯಾಪ್ತಿದೋಷ ಉಂಟು.

ಪೂರ್ವಪಕ್ಷ: ಹೆಸರಿರುವುದೇ ಗುರುತಿಗಾಗಿ ಎಂದು ಕೆಲವರ ವಾದ.

ಖಂಡನೆ: ‘ಛಂದೋಂಬುಧಿ’ಯ ನಾಗವರ್ಮ ಬೇರೆ, ‘ಕಾವ್ಯಾವಲೋಕನ’ದ ನಾಗವರ್ಮ ಬೇರೆ ಎಂದು ಬಿಡಿಸಿಡಲು ಪಂಡಿತರು ಎಷ್ಟು ಹೆಣಗಿದ್ದಾರೆಂಬುದನ್ನು ವಾದಿಗಳು ನೋಡಬೇಕು. ಇಬ್ಬರೂ ಹೆಸರು ಹೇಳದೆ ಬರೆದಿದ್ದರೆ ಇಷ್ಟು ಗೊಂದಲವಿರುತ್ತಿರಲಿಲ್ಲ. ನಾಗಚಂದ್ರನದು ಇನ್ನೂ ವಿಚಿತ್ರ: ತನ್ನದೇ ಒಳ್ಳೆಯ ಹೆಸರಿದ್ದೂ ‘ಅಭಿನವ ಪಂಪ’ನಾದ. 941ರಲ್ಲಿ ಕಾವ್ಯ ಬರೆದ ಪಂಪನಿಗೆ ತಾನು ‘ಆದಿ’ ಎಂಬ ಸುಳಿವೂ ಇರಲಿಲ್ಲ. ಎರಡನೆಯವನು ಹುಟ್ಟುವವರೆಗೆ ಯಾರೂ ಮೊದಲನೆಯವನಲ್ಲ.

ಸಿದ್ಧಾಂತ: ಗುರುತು ಹೆಸರಿನಲ್ಲಿಲ್ಲ, ಹೆಸರಿಗೆ ಅಂಟಿದ್ದರಲ್ಲಿದೆ.

ಪ್ರಮಾಣ 1, ಅರಮನೆ: ಮೈಸೂರಿನಲ್ಲಿ ದೊಡ್ಡದೇವರಾಜ ಒಡೆಯರ ನಂತರ 1673ರಲ್ಲಿ ಪಟ್ಟಕ್ಕೆ ಬಂದವರು ಚಿಕ್ಕದೇವರಾಜ ಒಡೆಯರು. ಕೃಷ್ಣರಾಜರ ಸರದಿ ಬೆಳೆದಂತೆ ದೊಡ್ಡ, ಚಿಕ್ಕ ಸಾಲದಾಗಿ ಇಮ್ಮಡಿ, ಮುಮ್ಮಡಿ, ನಾಲ್ವಡಿ ಎಂದು ಮಗ್ಗಿ ಹಿಡಿಯಬೇಕಾಯಿತು.

ಪ್ರಮಾಣ 2, ಹಳ್ಳಿ: ದೊಡ್ಡಮಂಜ, ಸಣ್ಣಮಂಜ, ಟೈಲರ್ ಮಂಜ, ಮೂಲೆಮನೆ ಮಂಜ, ಬೀಡಿ ಮಂಜ. ಪಟ್ಟಾಭಿಷೇಕವೊಂದನ್ನು ಬಿಟ್ಟರೆ ವಿಧಾನ ಅರಮನೆಯದೇ.

ಪ್ರಮಾಣ 3, ಸರ್ಕಾರ: 1961ರ ಚುನಾವಣಾ ನಿಯಮಗಳ ಪ್ರಕಾರ ಒಂದೇ ಹೆಸರಿನ ಅಭ್ಯರ್ಥಿಗಳನ್ನು ಅವರ ಕಸುಬು, ವಾಸಸ್ಥಳ ಅಥವಾ ಬೇರಾವುದಾದರೂ ರೀತಿಯಿಂದ ಬೇರ್ಪಡಿಸಬೇಕು. ಟೈಲರ್, ಮೂಲೆಮನೆ, ಬೀಡಿ: ಮೂರೂ ಇಲ್ಲಿ ಬಂದವು. ಕಾನೂನು ಮಾಡಿದವರು ಯಾವುದೋ ಅರಳಿಕಟ್ಟೆಯಲ್ಲಿ ಕೂತೆದ್ದವರೇ ಇರಬೇಕೆಂಬುದು ನಮ್ಮ ಊಹೆ. 2015ರಿಂದ ಮತಪತ್ರಕ್ಕೆ ಫೋಟೋ ಕೂಡ ಬಂತು. ಆದರೂ 2019ರಲ್ಲಿ ಮಂಡ್ಯದ ಕಣದಲ್ಲಿ ಸುಮಲತಾ ಅಂಬರೀಶ್ ಅವರಲ್ಲದೆ ಇನ್ನೂ ಮೂವರು ಸುಮಲತಾ ಇದ್ದರು. ಗೆದ್ದವರು ಅಂಬರೀಶ್ ಅಂಟಿದ್ದವರು. ಸಿದ್ಧಾಂತಕ್ಕೆ ಇದಕ್ಕಿಂತ ಪುರಾವೆ ಬೇಕೆ?

ಪ್ರಮಾಣ 4, ಮೊಬೈಲು: ‘ಮಂಜು ಪ್ಲಂಬರ್’, ‘ಮಂಜು ಹಾಲು’, ‘ಮಂಜು 2’. ಕೊನೆಯವನು ಸಾಕ್ಷಾತ್ ಇಮ್ಮಡಿ ಮಂಜು.

ಆಕ್ಷೇಪ: ಮಕ್ಕಳಿಗೆ ಯಾರಿಗೂ ಇಲ್ಲದ ಹೆಸರಿಟ್ಟರೆ ಸಮಸ್ಯೆ ತೀರದೇ?

ಸಮಾಧಾನ: ತೀರದು. ಮೊಮ್ಮಗನಿಗೆ ತಾತನ ಹೆಸರಿಡದಿದ್ದರೆ ತಾತ ಊಟ ಬಿಡುತ್ತಾರೆ. ಇಟ್ಟರೆ, ಮಾವನವರ ಹೆಸರು ಹಿಡಿದು ಗದರಿಸುವುದು ಹೇಗೆಂದು ಸೊಸೆ ಮಗುವನ್ನು ‘ಪುಟ್ಟ’ ಎನ್ನುತ್ತಾಳೆ. ಪಕ್ಕದ ಮನೆಯ ಸೊಸೆಗೂ ಮಾವನಿದ್ದಾರೆ, ಎದುರುಮನೆಯವಳಿಗೂ ಇದ್ದಾರೆ. ಸಂಜೆ ಒಬ್ಬಳು ‘ಪುಟ್ಟಾ, ಊಟಕ್ಕೆ ಬಾರೋ’ ಎಂದರೆ ಮೂವರು ಬಂದು ತಟ್ಟೆಯ ಮುಂದೆ ಕೂರುತ್ತಾರೆ. ಆದ್ದರಿಂದ ಈ ಶಾಸ್ತ್ರವನ್ನು ಓದುವ ಗೃಹಸ್ಥರು ಅಕ್ಕಿಯನ್ನು ಎರಡು ಪಾಲು ಹೆಚ್ಚಿಗೆ ತೊಳೆದಿಡತಕ್ಕದ್ದು.