ಎರಡು ಗಾಡಿ, ಒಬ್ಬರು ಅತ್ತೆ

ಮಾಗಡಿಯ ನನ್ನ ಭಾಮೈದನಿಗೆ ರಸ್ತೆಗೆ ಹೋದ ಜಮೀನಿನ ದುಡ್ಡು ಬಂತು. ದುಡ್ಡು ಬಂದವನು ಸುಮ್ಮನಿರುವುದುಂಟೇ? ಫಾರ್ಚುನರ್, ಗ್ಲಾಸ್ಟರ್ ಎಂಬ ಎರಡು ಗಾಡಿಗಳ ಬ್ರೋಷರು ಹಿಡಿದುಕೊಂಡು ರಾಮನಗರದ ನಮ್ಮ ಮನೆಗೆ ಬಂದ.

‘ಬಾವ, ನೀವು ಲೆಕ್ಕದ ಮೇಷ್ಟ್ರು. ಯಾವುದು ಮೇಲು ಅಂತ ಮಾರ್ಕ್ಸ್ ಹಾಕ್ಬುಡಿ.’

ಹಾಕಲು ಕೂತೆ. ಗ್ಲಾಸ್ಟರ್‌ಗೆ 2 ಲೀಟರ್ ಡೀಸೆಲ್ ಎಂಜಿನ್, 215 ಕುದುರೆ. ಫಾರ್ಚುನರ್‌ಗೆ 2.8 ಲೀಟರ್, 204 ಕುದುರೆ. ನಮ್ಮ ರಾಮದೇವರ ಬೆಟ್ಟದ ತಪ್ಪಲಲ್ಲಿ ‘ಶೋಲೆ’ ತೆಗೆದಾಗ ಗಬ್ಬರ್ ಸಿಂಗನ ಕಡೆಯೂ ಇಷ್ಟು ಕುದುರೆ ಇರಲಿಲ್ಲವೇನೋ. ಟಾರ್ಕ್ ಫಾರ್ಚುನರ್‌ಗೆ 500, ಗ್ಲಾಸ್ಟರ್‌ಗೆ 478. ಟಾರ್ಕ್ ಅಂದರೇನೆಂದು ಇಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ. 500 ದೊಡ್ಡದೆಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿರಲಿಲ್ಲ. ಉದ್ದ ಗ್ಲಾಸ್ಟರ್‌ನದು 4985 ಮಿಲಿಮೀಟರ್, ಫಾರ್ಚುನರ್‌ನದು 4795. ವ್ಯತ್ಯಾಸ ಒಂದು ಗೇಣಿಗೂ ಕಡಿಮೆ. ಆ ಗೇಣಿಗಾಗಿ ಒಂದು ಸಂಜೆ ಹಾಳಾಯಿತು. ಇಲ್ಲಿಯ ಮಾರುಕಟ್ಟೆಯಲ್ಲಿ ರೇಷ್ಮೆಗೂಡನ್ನು ಕೈಯಲ್ಲಿ ಹಿಡಿದು, ಕಿವಿ ಹತ್ತಿರ ಅಲುಗಿಸಿ ಬೆಲೆ ಕಟ್ಟುವ ಜನ ನಾವು. ಮೂವತ್ತು ನಲವತ್ತು ಲಕ್ಷದ ಗಾಡಿಯನ್ನು ಕಾಗದದ ಮೇಲೆ ಅಲುಗಿಸುತ್ತಿದ್ದೆವು.

‘ಎಷ್ಟಾದರೂ ಫಾರ್ಚುನರ್ ನಮ್ಮ ಬಿಡದೀದು’ ಎಂದ. ನಿಜ. ಗ್ಲಾಸ್ಟರ್ ಗುಜರಾತಿನ ಹಾಲೋಲ್‌ನದು. ಫಾರ್ಚುನರ್ ಆದರೆ ತಟ್ಟೆ ಇಡ್ಲಿಯ ಊರಲ್ಲಿ ಹುಟ್ಟಿದ ಮನೆ ಮಗ. ಆದರೆ 20 ಲಕ್ಷ ದಾಟಿದ ಗಾಡಿಗೆ ಸರ್ಕಾರ ಶೇ 18 ತೆರಿಗೆ ಕೇಳುವಾಗ ಮನೆ ಮಗ, ಹೊರಗಿನವ ಅಂತ ಭೇದ ಮಾಡುವುದಿಲ್ಲ. ಇನ್ನು ವೇಗ. ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ 100 ದಾಟಿದರೆ ಕ್ಯಾಮೆರಾ ಫೋಟೊ ತೆಗೆಯುತ್ತದೆ. ಮಿಕ್ಕ ಕುದುರೆಗಳೆಲ್ಲ ಲಾಯದಲ್ಲೇ ಮೇಯಬೇಕು.

ನಾನು ಷೋರೂಮಿನಲ್ಲಿ ಕೇಳಿದ್ದು ಒಂದೇ: ‘ಎಷ್ಟು ನೀರಲ್ಲಿ ಹೋಗುತ್ತಪ್ಪಾ?’ ಸೇಲ್ಸ್ ಹುಡುಗ ನಕ್ಕ. 2022ರ ಆಗಸ್ಟ್ ಕೊನೆಯ ಮಳೆಗೆ ಅದೇ ಹೆದ್ದಾರಿಯ ಸಂಗಬಸವನದೊಡ್ಡಿಯ ಅಂಡರ್‌ಪಾಸ್‌ನಲ್ಲಿ ಕಾರುಗಳು ಮುಳುಗಿ ನಿಂತದ್ದನ್ನು ಅವನು ಕಂಡಿರಲಿಲ್ಲ.

ಭಾಮೈದನ ಮನಸ್ಸಿನಲ್ಲಿದ್ದ ಕಾಲಮ್ಮೇ ಬೇರೆ. ಕನಕಪುರದ ಬೀಗರೂಟಕ್ಕೆ ಬಿಳಿ ಫಾರ್ಚುನರ್ ಬಂದು ನಿಂತರೆ ಜನ ಊಟದೆಲೆ ಬಿಟ್ಟು ಒಳಗೆ ಯಾರಿದ್ದಾರೆಂದು ಬಗ್ಗಿ ನೋಡುತ್ತಾರೆ. ಗ್ಲಾಸ್ಟರ್ ನಿಂತರೆ ‘ಇದ್ಯಾವ ಗಾಡಿ ಸಾ?’ ಎಂದು ಕೇಳುತ್ತಾರೆ. ಕೇಳಿಸಿಕೊಳ್ಳುವುದಕ್ಕೆ ಅಷ್ಟು ದುಡ್ಡು ಯಾಕೆ ಎಂಬುದು ಅವನ ವಾದ. ಇದಕ್ಕೆ ನನ್ನ ಗಣಿತದಲ್ಲಿ ಉತ್ತರವಿರಲಿಲ್ಲ.

ಉತ್ತರ ಕೊಟ್ಟವರು ನಮ್ಮತ್ತೆ. ಎರಡೂ ಷೋರೂಮಿಗೆ ಬಂದವರು ಗಾಡಿಯ ಬಾಗಿಲಿಗೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದು ಕಾಲೆತ್ತಿ ನೋಡಿದರು. ಎರಡೂ ಕಡೆ ಕಾಲು ಅರ್ಧದಲ್ಲೇ ನಿಂತಿತು.

‘ಲೇ, ಇದ್ಯಾವನ್ಲಾ ಮಾಡ್ದೋನು? ಅವನಿಗೆ ಅವ್ವ ಇಲ್ವಾ? ಸಾವನದುರ್ಗದ ವೀರಭದ್ರನ ಗುಡೀಗೆ ಆಟೋನಲ್ಲೇ ಹೋಗ್ತೀನಿ ಬುಡು.’

ಬ್ರೋಷರಿನಲ್ಲಿ ನೆಲಕ್ಕೂ ಗಾಡಿಯ ಹೊಟ್ಟೆಗೂ ಎಷ್ಟು ಅಂತರವೆಂದಿತ್ತು. ನೆಲಕ್ಕೂ ಅತ್ತೆಯ ಮಂಡಿಗೂ ಎಷ್ಟೆಂದು ಇರಲಿಲ್ಲ. ಹುಡುಗ ಓಡಿಹೋಗಿ ಪ್ಲಾಸ್ಟಿಕ್ ಸ್ಟೂಲ್ ತಂದಿಟ್ಟ. ಅತ್ತೆ ಅದರ ಮೇಲೆ ಕೂತುಬಿಟ್ಟರು. ಇಳಿದದ್ದು ಕಾಫಿ ಬಂದ ಮೇಲೆ.

ಗಾಡಿ ಇನ್ನೂ ಬುಕ್ ಆಗಿಲ್ಲ. ಕೆಎ 42ರಲ್ಲಿ ಕೂಡಿದರೆ ಒಂಬತ್ತು ಬರುವ ಫ್ಯಾನ್ಸಿ ನಂಬರ್ ಯಾವುದೆಂದು ಹುಡುಕಾಟ ನಡೆದಿದೆ. ಚನ್ನಪಟ್ಟಣದಲ್ಲಿ ಒಂದು ಮೆಟ್ಟುಮಣೆಗೆ ಮಾತ್ರ ಮುಂಗಡ ಕೊಟ್ಟಾಗಿದೆ. ಆಲೆ ಮರದ್ದು, ಅರಗಿನ ಬಣ್ಣದ್ದು. ಕೆಂಪೇ ಬೇಕೆಂದಿದ್ದಾರೆ ಅತ್ತೆ.