ಸ್ವಾತಿಥ್ಯ ಮಿತಾಕ್ಷರಾ

ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ, ನಮ್ಮ ಈ ಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಟೀಕೆ ಬರೆದ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿದಾಗಲೇ ಹಕ್ಕು ಎಂದ. ಆದರೆ ಅಕ್ಕನ ಮದುವೆಯ ಫೋಟೋ ಕಂಡವರ ಕಂಪ್ಯೂಟರಿನಲ್ಲಿದ್ದರೆ ಹಕ್ಕು ಯಾರದು? ಟೀಕಾಕಾರ ಮೌನಿ. ರಾಜನ ಮಗ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದ 100 ಅಧ್ಯಾಯಗಳಲ್ಲಿ ಆನೆ ಹಿಡಿಯುವುದರಿಂದ ಅಡುಗೆಯವರೆಗೆ ಎಲ್ಲ ಉಂಟು, ರೂಟರ್ ಇಲ್ಲ. ಆ ಕೊರತೆ ನೀಗಲೆಂದೇ ಈ ಪ್ರಬಂಧ.

ಮೊದಲು ಶಬ್ದನಿರ್ಣಯ. ಸೆಲ್ಫ್ ಹೋಸ್ಟಿಂಗ್ ಎಂದರೆ ಸ್ವಾತಿಥ್ಯ: ತಾನೇ ಮನೆಯೊಡೆಯ, ತಾನೇ ಬೀಗ, ಅಡುಗೆ ಕೆಟ್ಟರೆ ಬೈಸಿಕೊಳ್ಳುವವನೂ ತಾನೇ. ದಾಸೋಹ ಎನ್ನಬಾರದೇಕೆ ಎಂದು ಪೂರ್ವಪಕ್ಷ. ಕೂಡದು, ದಾಸೋಹದಲ್ಲಿ ಪಾಸ್‌ವರ್ಡ್ ಕೇಳುವುದಿಲ್ಲ. ಪಾಸ್‌ವರ್ಡಿನಲ್ಲಿ ಮಾತ್ರ ಮಿತಾಕ್ಷರ ದೋಷವೆಂದೇ ನಮ್ಮ ಮತ.

ಪರಿಕರ: ಮೂಲೆಗೆ ಬಿದ್ದ ಲ್ಯಾಪ್‌ಟಾಪ್. ಪರದೆ ಒಡೆದಿದ್ದರೆ ಉತ್ತಮ, ಮನೆಯವರು ಮರಳಿ ಕೇಳುವುದಿಲ್ಲ. ಬ್ಯಾಟರಿಯಲ್ಲಿ ಜೀವವಿದ್ದರೆ ಅತ್ಯುತ್ತಮ, ಅದೇ ಯುಪಿಎಸ್. ಅದಕ್ಕೆ ಡೆಬಿಯನ್, ಮೇಲೆ ಡಾಕರ್, ಒಳಗೆ 2016ರಲ್ಲಿ ಓನ್‌ಕ್ಲೌಡ್ ಮನೆತನದಿಂದ ಬೇರೆಯಾಗಿ ಬಂದ ನೆಕ್ಸ್ಟ್‌ಕ್ಲೌಡ್. (ಮಿತಾಕ್ಷರಾ ಬಲ್ಲವರಿಗೆ ಪಾಲಿನ ವ್ಯಾಜ್ಯ ಹೊಸದಲ್ಲ.)

ಇನ್ನು ಕಠಿಣ ಅಧಿಕರಣ. ಮನೆಯೊಳಗೆ ಎಲ್ಲ ಸುಸೂತ್ರ. ಹುಮನಾಬಾದಿನಿಂದ ಅಕ್ಕನ ಫೋನು.

“ತಮ್ಮಾ, ಫೋಟೋ ಒಂದೂ ಕಾಣವಲ್ದು. ನಿಮ್ಮ ಕಡಿ ಲೈಟ್ ಹೋಗ್ಯಾವೇನು?”

“ಇಲ್ಲಕ್ಕಾ, ಸಿಜಿನ್ಯಾಟ್.”

“ಅದ್ಯಾವ ಊರೋ?”

ಊರಲ್ಲ, ವಾಡೆ. ಐಪಿವಿ4 ವಿಳಾಸಗಳು ಸುಮಾರು 429 ಕೋಟಿ ಇದ್ದೂ ಸಾಲದೆ, ಇಂಟರ್‌ನೆಟ್ ಕೊಡುವವರು ಎಷ್ಟೋ ಮನೆಗಳನ್ನು ಒಂದೇ ಹೊರಬಾಗಿಲ ಹಿಂದೆ ಕೂಡಿಸುತ್ತಾರೆ. ಒಳಗಿನವರು ಹೊರಗೆ ಹೋಗಲು ಅಡ್ಡಿಯಿಲ್ಲ. ಹೊರಗಿನಿಂದ ಬಂದ ಬೀಗರಿಗೆ ಯಾವ ಕೋಣೆಯೆಂದು ತೋರಿಸುವವರಿಲ್ಲ. ರೂಟರಿನ ಹೊರಮುಖದ ವಿಳಾಸ 100.64ರಿಂದ 100.127ರ ನಡುವಿನದಾದರೆ ನೀವೂ ವಾಡೆಯವರೇ. ಆಗ 443ನೇ ಪೋರ್ಟ್ ತೆರೆದು ಕಾಯುವುದು ವ್ಯರ್ಥ; ನಾಲ್ಕು ರಾತ್ರಿ ಕಾದು ಸಾಧಿಸಿದ ಸಿದ್ಧಾಂತವಿದು. ಪರಿಹಾರವೆಂದರೆ ಟೇಲ್‌ಸ್ಕೇಲ್‌ನಂಥ ಸುರಂಗ. ಕಲ್ಯಾಣದವನೂ ಹುಮನಾಬಾದದವಳೂ ತಂತಮ್ಮ ಬಾಗಿಲಿನಿಂದ ಹೊರಟು ಸಸ್ತಾಪುರ ಬಂಗ್ಲಾದಲ್ಲಿ ಕೂಡಿಕೊಂಡಂತೆ. ಯಾರೂ ಯಾರ ಬಾಗಿಲನ್ನೂ ಬಡಿಯಬೇಕಿಲ್ಲ.

ಕೊನೆಗೆ ಪಾಠಾಂತರ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಪರವೂರಲ್ಲಿ ಎಂಬುದು ಬ್ಯಾಕಪ್ಪಿನ ಸೂತ್ರ. ‘ಕ’ ಪ್ರತಿ ಕಲ್ಯಾಣದ ಲ್ಯಾಪ್‌ಟಾಪಿನಲ್ಲಿ. ಅದರ ನಕಲು ಪಕ್ಕದ ಪೆನ್‌ಡ್ರೈವಿನಲ್ಲಿ. ‘ಹು’ ಪ್ರತಿ ಹುಮನಾಬಾದದಲ್ಲಿ, ಅಕ್ಕನ ಟ್ರಂಕಿನ ಇಳಕಲ್ ಸೀರೆಗಳ ನಡುವಿನ ಹಾರ್ಡ್ ಡಿಸ್ಕಿನಲ್ಲಿ. ವರ್ಷಕ್ಕೊಮ್ಮೆ ನಾಗರಪಂಚಮಿಗೆ ಅಕ್ಕನೊಡನೆ ಅದೂ ತವರಿಗೆ ಬಂದು ಪರಿಷ್ಕಾರಗೊಳ್ಳುತ್ತದೆ. ಹೋದ ಪಂಚಮಿಗೆ ಅಕ್ಕ ಬಂದಳು, ಡಿಸ್ಕ್ ಮರೆತಿದ್ದಳು. ಹೀಗಾಗಿ ‘ಕ’ ಪ್ರತಿಯಲ್ಲಿ ಅಂಗಳದ ತುಂಬ ಓಡಾಡುವ ಅಳಿಯ, ‘ಹು’ ಪ್ರತಿಯಲ್ಲಿ ಇನ್ನೂ ತೊಟ್ಟಿಲಲ್ಲಿದ್ದಾನೆ.