ಐದು ಲಕ್ಷದ ಸಾರಾಂಶ

ಮಾವ: ಅಳಿಯಂದಿರೇ, ಆರೋಗ್ಯ ವಿಮೆ ಐದು ಲಕ್ಷ ಅಂತ ಇಲ್ಲೇ ದಪ್ಪಕ್ಷರದಲ್ಲಿ ಇದೆಯಲ್ಲ. ಇನ್ನೇನು ಓದೋದು?

ಅಳಿಯ: ಅದು ಅಭಿನಂದನಾ ಪತ್ರ, ಮಾವ. ಸಾರಾಂಶ ಬೇರೆ, ಗ್ರಾಹಕ ಮಾಹಿತಿ ಪತ್ರ ಅಂತ. 2024ರ ಜನವರಿಯಿಂದ ಹೊಸ ನಮೂನೆಯಲ್ಲಿ ಕೊಡಲೇಬೇಕು ಅಂತ ವಿಮಾ ನಿಯಂತ್ರಕ ಐಆರ್‌ಡಿಎಐ ಹೇಳಿದೆ. ನಿಮ್ಮ ಇಮೇಲ್‌ನಲ್ಲಿದೆ. ಪಾಸ್‌ವರ್ಡ್ ನಿಮ್ಮ ಹುಟ್ಟಿದ ದಿನಾಂಕ.

ಮಾವ: ನಿಜವಾದದ್ದೋ, ಸ್ಕೂಲಲ್ಲಿ ಬರೆಸಿದ್ದೋ?

ಅಳಿಯ: ಆಧಾರ್‌ನಲ್ಲಿ ಇರೋದು.

ಮಾವ: ಅದು ಮೂರನೇದು.

(ಪಿಡಿಎಫ್ ಕೊನೆಗೂ ತೆರೆಯಿತು. ನಗುವ ಕುಟುಂಬದ ಫೋಟೊ ದೊಡ್ಡದು, ಷರತ್ತುಗಳ ಅಕ್ಷರ ಸಾಸಿವೆ ಗಾತ್ರ.)

ಅಳಿಯ: ರೂಮ್ ಬಾಡಿಗೆ ವಿಮಾ ಮೊತ್ತದ ಶೇ 1. ಅಂದ್ರೆ ದಿನಕ್ಕೆ 5,000.

ಮಾವ: ರೂಮು 8,000ದ್ದಾದರೆ ಉಳಿದ ಮೂರು ಸಾವಿರ ನಾನು ಕೊಡ್ತೀನಿ ಬಿಡಿ.

ಅಳಿಯ: ಅಷ್ಟಕ್ಕೇ ಮುಗಿಯಲ್ಲ. ಡಾಕ್ಟರ ಫೀಸು, ಆಪರೇಷನ್ ಥಿಯೇಟರ್ ಖರ್ಚಿಗೂ ಅದೇ ಎಂಟಕ್ಕೆ ಐದರ ಲೆಕ್ಕ. ರೂಪಾಯಿಗೆ ಅರವತ್ತೆರಡೂವರೆ ಪೈಸೆ ಮಾತ್ರ ವಿಮಾ ಕಂಪನಿಯದು. ಔಷಧಿ, ಸ್ಕ್ಯಾನಿಂಗ್ ಬಚಾವ್.

ಮಾವ: ರೂಮಲ್ಲಿ ಮಲಗಿದ್ದಕ್ಕೆ ಡಾಕ್ಟರಿಗೂ ದಂಡವೇ! ನನ್ನ ಸಕ್ಕರೆ ಕಾಯಿಲೆ?

ಅಳಿಯ: ಮೊದಲೇ ಇದ್ದದ್ದು. 36 ತಿಂಗಳು ಕಾಯಬೇಕು.

ಮಾವ: ಕಾಯಿಲೆಗೆ ಹೇಳಿದ್ದಾರಾ?

ಅಳಿಯ: ಬೇಡ ಅನಿಸಿದರೆ ಪಾಲಿಸಿ ಕೈಸೇರಿದ 30 ದಿನದೊಳಗೆ ವಾಪಸ್ ಮಾಡಬಹುದು. ಈ ಮಾಹಿತಿ ಪತ್ರ ಕನ್ನಡದಲ್ಲೇ ಬೇಕು ಅಂತಲೂ ಕೇಳಬಹುದು. ಓದಿ, ಕೊನೆಗೆ ‘ವಿವರಗಳನ್ನು ಗಮನಿಸಿದ್ದೇನೆ’ ಅಂತ ಸಹಿ ಹಾಕಬೇಕು.

ಮಾವ: ಸಹಿನಾ? ಏಜೆಂಟು ಕಾಫಿ ಕುಡಿಯೋಕೆ ಬಂದ ದಿನವೇ ಹಾಕಿಕೊಟ್ಟೆನಲ್ಲ!